ಎದೆಗೊಂದು ಹದ

ಬೆಳಿಗ್ಗೆ ಆರು ಗಂಟೆಗೆ ಬಿಲ್ಲೆ ಹಸಿರು ತೋರಿಸಿತು. ಆರೂ ನಲವತ್ತಕ್ಕೆ ಮಾಲತೇಶ ತಳವಾರ ಸತ್ತಿದ್ದ.

೨೦೫೮ರ ಫೆಬ್ರುವರಿ. ಹಾವೇರಿ ಜಿಲ್ಲೆಯ ಒಂದು ಮೆಣಸಿನಕಾಯಿ ಪೇಟೆಯಲ್ಲಿ ಹಂಗಾಮು ಜೋರಾಗಿತ್ತು. ಕೊರಳೆಲುಬಿನ ಕೆಳಗೆ ಚರ್ಮಕ್ಕೆ ಅಂಟಿಕೊಂಡಿದ್ದ ಬಿಲ್ಲೆ, ಎಂದಿನಂತೆ, ಅಂದಿನ ವ್ಯಾಯಾಮವನ್ನು ಅವನ ಕಿವಿಯಲ್ಲಿ ಹೇಳಿತು: ಸ್ಟೇಷನ್ನಿನ ಮೇಲ್ಸೇತುವೆಯ ಮೆಟ್ಟಿಲುಗಳನ್ನು ಬಿರುಸಾಗಿ ಏರಿ ಇಳಿಯುವುದು, ನಡುವೆ ನಿಲ್ಲದೆ. ಮೂರನೆಯ ಸಲ ಏರುವಾಗ ಅವನು ಕಂಬಿ ಹಿಡಿದು ನಿಂತ. "ಇನ್ನೊಂಚೂರು, ಆಗತೈತಿ" ಎಂದಿತು ಬಿಲ್ಲೆ. ಅವನು ಏರಿದ. ಹಾಲಿನ ಕ್ಯಾನು ಹಿಡಿದು ಎದುರು ಬರುತ್ತಿದ್ದವರೊಬ್ಬರು ಅವನು ಕುಸಿದದ್ದನ್ನು ಕಂಡರು. ಅವರು ಹತ್ತಿರ ಬರುವಷ್ಟರಲ್ಲಿ ಬಿಲ್ಲೆ ಕೆಂಪಾಗಿತ್ತು. ಆಂಬುಲೆನ್ಸಿಗೆ ತಾನಾಗಿಯೇ ಕರೆ ಹೋಗಿತ್ತು. ಆಂಬುಲೆನ್ಸ್ ಬೇಗನೇ ಬಂತು. ಪ್ರಯೋಜನವಾಗಲಿಲ್ಲ.

ಮಾಲತೇಶ ಹಮಾಲಿ. ವಯಸ್ಸು ಐವತ್ತೆರಡು. ಬಿಲ್ಲೆಯ ದಾಖಲೆಯ ಪ್ರಕಾರ, ಜಿಲ್ಲೆಯಲ್ಲಿ ಅವನ ವಯಸ್ಸಿನ ಗಂಡಸರ ಅತ್ಯುತ್ತಮ ಹೃದಯಗಳಲ್ಲಿ ಅವನದೂ ಒಂದಾಗಿತ್ತು.

ಸುದ್ದಿ ಧಾರವಾಡ ತಲುಪಿದ ಮೇಲೆ, ಬಿಲ್ಲೆಯನ್ನು ರೂಪಿಸಿದ ಅನ್ವಿತಾ ಹಂಚಿನಮನಿ ಆ ದಾಖಲೆಯನ್ನು ಮತ್ತೆ ಮತ್ತೆ ನೋಡಿದಳು. ರಾಜ್ಯದಲ್ಲಿ ಆಗ ನಾಲ್ಕು ಲಕ್ಷ ಜನರ ಎದೆಯ ಮೇಲೆ ಅವಳ ಬಿಲ್ಲೆ ಇತ್ತು. ವ್ಯಾಯಾಮ ಮಾಡುವಾಗ ಸತ್ತವರು ಹಿಂದೆಯೂ ಇದ್ದರು. ಆದರೆ ಅವರೆಲ್ಲ ಬಿಲ್ಲೆ ಬೇಡವೆಂದದ್ದನ್ನು ಮಾಡಿದವರು. ಹೇಳಿದ್ದನ್ನು ಹೇಳಿದಂತೆಯೇ ಮಾಡಿ ಸತ್ತವನು ಮಾಲತೇಶನೇ ಮೊದಲಿಗ.

ಬಿಲ್ಲೆಗೆ ಅವಳು ಇಟ್ಟ ಹೆಸರು 'ಹದ'. ಅದರ ಹಿಂದಿನ ವಿಚಾರ ಸರಳವಾದದ್ದು. ವ್ಯಾಯಾಮವೇ ಔಷಧ ಎಂದು ವೈದ್ಯರು ಬಹಳ ಕಾಲದಿಂದ ಹೇಳುತ್ತಿದ್ದರು, ಆದರೆ ಅದನ್ನು ಔಷಧದಂತೆ ಅಳೆದು ಕೊಡುತ್ತಿರಲಿಲ್ಲ. ದಿನಾ ಅರ್ಧ ಗಂಟೆ ನಡೆಯಿರಿ ಎಂಬ ಒಂದೇ ಮಾತು ಬಸ್ ಚಾಲಕನಿಗೂ ಸಲ್ಲುತ್ತಿತ್ತು, ಟೀಚರಿಗೂ ಸಲ್ಲುತ್ತಿತ್ತು. ಆದರೆ ಒಂದೇ ವ್ಯಾಯಾಮಕ್ಕೆ ಎರಡು ದೇಹಗಳು ಒಂದೇ ಬಗೆಯಲ್ಲಿ ಸ್ಪಂದಿಸುವುದಿಲ್ಲ. ಒಬ್ಬನ ಸಕ್ಕರೆಯನ್ನು ಇಳಿಸುವ ನಡಿಗೆ ಇನ್ನೊಬ್ಬನ ಮಂಡಿಯನ್ನು ತಿನ್ನುತ್ತದೆ. 'ಹದ' ಹೃದಯದ ಬಡಿತವನ್ನೂ, ನಿದ್ದೆಯನ್ನೂ, ಹೆಜ್ಜೆಯ ಲಯವನ್ನೂ, ದಣಿದ ಸ್ನಾಯುಗಳಲ್ಲಿ ಹುಟ್ಟಿ ಬೆವರಿನಲ್ಲೂ ಕಾಣಿಸಿಕೊಳ್ಳುವ ಲ್ಯಾಕ್ಟೇಟ್ ಎಂಬ ರಾಸಾಯನಿಕವನ್ನೂ ಎಡೆಬಿಡದೆ ಓದುತ್ತಿತ್ತು. ಅದರಿಂದ ಆ ಒಬ್ಬ ಮನುಷ್ಯನ ದೇಹದ ಗಣಿತದ ಪ್ರತಿರೂಪವೊಂದನ್ನು ತನ್ನೊಳಗೆ ಕಟ್ಟಿಕೊಂಡು, ಇವತ್ತು ಇವನಿಗೆ ಎಷ್ಟು ಶ್ರಮ ಹಿತ, ಎಷ್ಟು ಅಹಿತ ಎಂದು ಪ್ರತಿ ಬೆಳಿಗ್ಗೆ ಹೇಳುತ್ತಿತ್ತು. ಕಾಯಿಲೆ ಬರುವ ಮೊದಲೇ ದೇಹವನ್ನು ತಿದ್ದುವ ಈ ಕ್ರಮದಿಂದ, ಬಿಲ್ಲೆ ಹಾಕಿದ ತಾಲ್ಲೂಕುಗಳಲ್ಲಿ ಹೃದಯಾಘಾತಗಳು ಅರ್ಧಕ್ಕಿಂತ ಕಡಿಮೆಯಾಗಿದ್ದವು.

ಮೂರು ವರ್ಷದ ಹಿಂದೆ ಇದೇ ಪೇಟೆಗೆ ಅವಳು ಮೊದಲು ಬಂದಾಗ ಹಮಾಲರು ನಕ್ಕಿದ್ದರು. ದಿನವಿಡೀ ಚೀಲ ಹೊರುವವರಿಗೆ ವ್ಯಾಯಾಮ ಕಲಿಸುವುದೆಂದರೆ ಮೀನಿಗೆ ಈಜು ಕಲಿಸಿದ ಹಾಗೆ ಎಂದು ನಾಲ್ವರ ತಂಡದ ಮುಖ್ಯಸ್ಥ ದಾವಲಸಾಬ ಹೇಳಿದ್ದ. ಅವಳು ಚೀಲಗಳ ಮೇಲೆಯೇ ಕುಳಿತು ವಿವರಿಸಿದ್ದಳು. ಭಾರ ಎತ್ತುವಾಗ ಮನುಷ್ಯ ಉಸಿರು ಬಿಗಿಹಿಡಿಯುತ್ತಾನೆ, ರಕ್ತದ ಒತ್ತಡ ಏರುತ್ತದೆ, ಅದು ಇಳಿಯುವ ಮೊದಲೇ ಇನ್ನೊಂದು ಚೀಲ ಬರುತ್ತದೆ. ಹೀಗೆ ಹೊಟ್ಟೆಪಾಡಿಗಾಗಿ ಮಾಡುವ ದುಡಿತ ಹೃದಯವನ್ನು ಸವೆಸುತ್ತದೆಯೇ ಹೊರತು ಬಲಪಡಿಸುವುದಿಲ್ಲ. ಹಮಾಲರಿಗೆ ಬೇಕಾದದ್ದು ಬೇರೆ ಬಗೆಯ, ನಿಧಾನದಿಂದ ಶುರುವಾಗುವ ಶ್ರಮ.

ಮಾಲತೇಶನ ತಕರಾರು ಬಿಲ್ಲೆಯ ಭಾಷೆಯ ಬಗ್ಗೆ ಇತ್ತು. 'ದಯವಿಟ್ಟು ಮಂದಗತಿಯಲ್ಲಿ ಸಂಚರಿಸಿರಿ' ಎಂದು ಅದು ಮೊದಲ ದಿನ ಹೇಳಿದಾಗ ಅವನು ಕೇಳಿದ್ದ: "ಡಾಕ್ಟರಕ್ಕಾರ, ಈಕಿನ ಯಾವ ಊರಿಂದ ಹಿಡಕೊಂಡ ಬಂದೀರಿ? ನಮ್ಮ ಕೂಡ ಬಾಳೇ ಮಾಡಾಕಿ ಅಲ್ಲ ಬಿಡ್ರಿ ಇಕಿ." ಅನ್ವಿತಾ ನಕ್ಕು, ಮುಂದಿನ ತಿಂಗಳು ಅದಕ್ಕೆ ಆ ಸೀಮೆಯ ಮಾತನ್ನು ಕಲಿಸಿದಳು.

ಇನ್ನೊಂದು ತೊಂದರೆ ದೂಳಿನದು. ಮೆಣಸಿನಕಾಯಿಯ ದೂಳು ಬೆವರಿನೊಂದಿಗೆ ಬೆರೆತು ಬಿಲ್ಲೆಯ ಓದನ್ನು ಕೆಡಿಸುತ್ತಿತ್ತು. ಇದು ಬೇರೆ ಯಾರದೋ ದೇಹ ಎಂದು ಬಿಲ್ಲೆ ತನ್ನ ಒಡೆಯನನ್ನೇ ತಿರಸ್ಕರಿಸಿ ದಿನಕ್ಕೆರಡು ಸಲ ಕೆಂಪಾಗುತ್ತಿತ್ತು. ಕೆಂಪಾದರೆ ಕೆಲಸವಿಲ್ಲ, ಏಕೆಂದರೆ ಹಸಿರು ತೋರಿಸದವನು ಚೀಲ ಮುಟ್ಟಬಾರದೆಂದು ಮಾರುಕಟ್ಟೆಯವರು ನಿಯಮ ಮಾಡಿದ್ದರು. ವಾರಕ್ಕಿಂತ ಹೆಚ್ಚು ಕೆಂಪಾಗಿದ್ದವನ ಜಾಗಕ್ಕೆ ಹಂಗಾಮು ಮುಗಿಯುವವರೆಗೆ ಬೇರೊಬ್ಬ ಬರುತ್ತಿದ್ದ. ಹಮಾಲರು ದೂರಿದರು. ಅನ್ವಿತಾ ಮೆಣಸಿನಕಾಯಿ ಪೇಟೆಗಳ ಬಿಲ್ಲೆಗಳಿಗೆ ಮಾತ್ರ ಒಂದು ಸಡಿಲಿಕೆ ಕೊಟ್ಟಳು: ಓದು ತಾಳೆಯಾಗದಿದ್ದರೆ ಅದನ್ನು ದೂಳಿನ ತಪ್ಪೆಂದು ಬಿಟ್ಟುಬಿಡು, ವಾರವಿಡೀ ಹಾಗೆಯೇ ಮುಂದುವರಿದರೆ ಮಾತ್ರ ದೇಹವೇ ಬದಲಾಗಿದೆ ಎಂದು ನಂಬು. ದೂರುಗಳು ನಿಂತವು. ಆ ವರ್ಷವೇ ದಾವಲಸಾಬನಿಗೆ ಸಕ್ಕರೆ ಕಾಯಿಲೆ ಶುರುವಾಗುವುದರಲ್ಲಿದ್ದದ್ದನ್ನು ಬಿಲ್ಲೆ ಮೊದಲೇ ಕಂಡುಹಿಡಿಯಿತು. ಅದು ಹೇಳಿದ್ದನ್ನು ಅವನು ನಿಷ್ಠೆಯಿಂದ ಮಾಡಿ, ಐವತ್ತೈದರಲ್ಲಿ ಮೂವತ್ತರವನ ಹಾಗಾದ. ಅಂದಿನಿಂದ ಪೇಟೆಯಲ್ಲಿ ಬಿಲ್ಲೆಯ ಮಾತನ್ನು ಯಾರೂ ಮೀರುತ್ತಿರಲಿಲ್ಲ.

ಮಾಲತೇಶನ ದಾಖಲೆಯಲ್ಲಿ ಅನ್ವಿತಾಗೆ ಕಂಡ ವಿಚಿತ್ರ ಒಂದೇ. ಅವನು ಎಡಗಾಲನ್ನು ಸ್ವಲ್ಪ ಎಳೆದು ನಡೆಯುತ್ತಿದ್ದ, ಹಳೆಯ ಪೆಟ್ಟು. ಜನವರಿಯ ಕೊನೆಯಲ್ಲಿ ಎರಡು ವಾರ ಆ ಎಳೆತ ಹೆಜ್ಜೆಯ ಲಯದಲ್ಲಿ ಇರಲಿಲ್ಲ. ಆಮೇಲೆ ಮತ್ತೆ ಬಂದಿತ್ತು. ಮರಣೋತ್ತರ ಪರೀಕ್ಷೆಯ ವರದಿ ಬಂದಾಗ ಅದರಲ್ಲಿ ಹೃದಯದ ಸ್ನಾಯುವಿನ ಉರಿಯೂತ ಎಂದು ಬರೆದಿತ್ತು. ವೈರಸ್ ಜ್ವರದ ನಂತರ ಕೆಲವರಿಗೆ ಹೀಗಾಗುತ್ತದೆ. ಅಂಥವರು ತಿಂಗಳುಗಟ್ಟಲೆ ಬಿರುಸಿನ ಶ್ರಮ ಮಾಡಬಾರದು. ಮಾಡಿದರೆ ಹೃದಯದ ಲಯ ತಪ್ಪಿ ಅದು ಇದ್ದಕ್ಕಿದ್ದಂತೆ ನಿಲ್ಲಬಹುದು. ಇದು ವೈದ್ಯಶಾಸ್ತ್ರಕ್ಕೆ ಹೊಸದಲ್ಲ. ಬಿಲ್ಲೆಗೂ ಗೊತ್ತಿತ್ತು. ಆದರೆ ಬಿಲ್ಲೆಯ ಪ್ರಕಾರ ಮಾಲತೇಶನಿಗೆ ಜ್ವರವೇ ಬಂದಿರಲಿಲ್ಲ.

ಅನ್ವಿತಾ ಮಾಲತೇಶನ ಊರಿಗೆ ಹೊರಟು ಬಂದಳು.

ಮಾಲತೇಶನ ಹೆಂಡತಿ ನೀಲವ್ವ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸದವಳು. ಬಾಗಿಲ ಬಳಿ ಗೋಡೆಗೆ ಒರಗಿ ಕುಳಿತಿದ್ದಳು. ಅಳು ಮುಗಿದ ಮುಖ. ಅನ್ವಿತಾ ಕೆಳಗೆ ಕುಳಿತು, ಜ್ವರ ಏನಾದರೂ ಬಂದಿತ್ತೇ ಎಂದು ಕೇಳಿದಳು. ಬಂದಿತ್ತು, ಎರಡು ವಾರ ಮಾಲತೇಶ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಸಾಯುವ ನಾಲ್ಕು ದಿನ ಮೊದಲಷ್ಟೇ ಗಂಜಿ ಬಿಟ್ಟು ರೊಟ್ಟಿ ಮುರಿದಿದ್ದ.

"ಬಿಲ್ಲೆಯೊಳಗ ಜ್ವರ ಇಲ್ಲಲ್ಲ, ನೀಲವ್ವಾರ."

"ಆವಾಗ ಬಿಲ್ಲೆ ಮನ್ಯಾಗ ಇರಲಿಲ್ರಿ. ದಾವಲಣ್ಣ ಒಯ್ದಿದ್ದ. ಈಗ ಬರತಾನ, ಕೇಳ್ರಿ."

ಅಷ್ಟು ಹೇಳಿ ನೀಲವ್ವ ತನ್ನ ಮಾತಿಗೆ ಬಂದಳು. ಅದನ್ನು ಕೇಳಲಿಕ್ಕೇ ಅವಳು ಡಾಕ್ಟರಕ್ಕನ ದಾರಿ ಕಾಯುತ್ತಿದ್ದಳು. ಕೊನೆಯ ದಿನ ಬೆಳಿಗ್ಗೆ ಮಾಲತೇಶ ಹೊರಗಿನ ಕಟ್ಟೆಯ ಮೇಲೆ ಕುಳಿತುಬಿಟ್ಟಿದ್ದನಂತೆ. ಕಾಲು ಬರವೊಲ್ಲವು, ಎದೆ ಕಲ್ಲಿಟ್ಟ ಹಾಗಿದೆ, ಇವತ್ತು ಬೇಡ ಎಂದಿದ್ದನಂತೆ. ಅವಳು ಅವನ ಅಂಗಿಯ ಗುಂಡಿ ಬಿಚ್ಚಿ ನೋಡಿದ್ದಳು. ಹಸಿರು ಇತ್ತು.

"ಹಸರ ಐತಿ, ಎದ್ದ ಹೋಗ, ಹದಿನೈದ ದಿನ ಮಲಗಿ ಮೈಗಳ್ಳ ಆಗೀ ಅಂದ್ನಿರಿ. ನಕ್ಕೋತ ಹೋದ." ಅವಳು ಅನ್ವಿತಾಳ ಮುಖವನ್ನು ನೇರವಾಗಿ ನೋಡಿದಳು. "ಅದ ಖರೇ ಹೇಳಿತ್ತೋ, ಅವ ಖರೇ ಹೇಳಿದ್ನೋ? ಇಷ್ಟ ಹೇಳ್ರಿ ನನಗ. ಬ್ಯಾರೇ ಏನೂ ಬ್ಯಾಡ."

ಅನ್ವಿತಾ ಉತ್ತರಿಸುವ ಮೊದಲೇ ತಂಡದವರು ಬಂದರು. ದಾವಲಸಾಬ, ಹನುಮಂತ, ಬಸಲಿಂಗ. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದೆಂದು ಮೂವರ ಮನೆಗಳಿಂದ ಸರದಿಯ ಮೇಲೆ ಊಟ ಬರುತ್ತಿತ್ತು. ಅಂದು ಹನುಮಂತನ ಮನೆಯ ರೊಟ್ಟಿ, ಪುಂಡಿಪಲ್ಯ. ದಾವಲಸಾಬ ಬುತ್ತಿಯನ್ನು ಒಳಗಿಟ್ಟು ಬಂದು, ಡಾಕ್ಟರಕ್ಕನಿಗೆ ಕೈಮುಗಿದು ಕುಳಿತ.

ಬಿಲ್ಲೆಯ ಬಗ್ಗೆ ಕೇಳಿದಾಗ ಅವನು ಏನನ್ನೂ ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದೇನಾದರೂ ಇದೆಯೆಂದು ಅವನಿಗೆ ಅನಿಸಿರಲೇ ಇಲ್ಲ. ಹಮಾಲರ ತಂಡಗಳಲ್ಲಿ ಒಂದು ರೂಢಿ ಇತ್ತು. ಒಬ್ಬ ಹಾಸಿಗೆ ಹಿಡಿದರೆ ಅವನ ಪಾಲಿನ ಚೀಲಗಳನ್ನು ಉಳಿದವರು ಸರದಿಯ ಮೇಲೆ ಹೊರುತ್ತಿದ್ದರು. ದಿನದ ದುಡಿಮೆಯಲ್ಲಿ ಅವನ ಪಾಲು ಎಂದಿನಂತೆ ಅವನ ಮನೆಗೆ ಹೋಗುತ್ತಿತ್ತು. ಹೆಗಲುಪಾಳಿ ಎನ್ನುತ್ತಿದ್ದರು ಅದಕ್ಕೆ. ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಮಾಲತೇಶ ಮಲಗಿದಾಗ ಹೊರಬೇಕಾದದ್ದರಲ್ಲಿ ಚೀಲದ ಜೊತೆಗೆ ಬಿಲ್ಲೆಯೂ ಇತ್ತು. ಅದು ಅವನ ಎದೆಯ ಮೇಲೆಯೇ ಇದ್ದರೆ ಕೆಂಪಾಗಿ, ಹಂಗಾಮಿನ ನಟ್ಟನಡುವೆ ಅವನ ಜಾಗಕ್ಕೆ ಬೇರೊಬ್ಬ ಬಂದುಬಿಡುತ್ತಿದ್ದ.

"ಒಂದಿನ ನಾ, ಒಂದಿನ ಹನುಮಂತ, ಒಂದಿನ ಬಸಲಿಂಗ ಹಾಕ್ಕೊಂಡ್ವಿರಿ. ನಮ್ಮವು ನಮ್ಮ ಎಡಕ, ಅವಂದು ಬಲಕ. ಜಳಕಾ ಮಾಡದ ಮುಟ್ಟಿಲ್ಲ. ನಮ್ಮ ಕಸರತ್ತ ಮುಗಿಸಿ ಮತ್ತ ಅವಂದ ಮಾಡತಿದ್ದ್ವಿ. ಅವನ ಹೆಸರಿಗೆ ಕೆಟ್ಟ ಬರಬಾರದಲ್ರಿ."

ಮೊದಲ ದಿನಗಳಲ್ಲಿ ಬಿಲ್ಲೆ ಇವರ ಬಡಿತವನ್ನು ದೂಳಿನ ತಪ್ಪೆಂದು ಬಿಟ್ಟಿರಬೇಕು ಎಂದು ಅನ್ವಿತಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ವಾರ ಕಳೆದ ಮೇಲೆ ದೇಹವೇ ಬದಲಾಗಿದೆ ಎಂದು ನಂಬಿರಬೇಕು. ಮೂರು ಗಟ್ಟಿ ಹೃದಯಗಳನ್ನು ಸೇರಿಸಿ ಒಬ್ಬ ಮಾಲತೇಶನನ್ನು ಕಟ್ಟಿಕೊಂಡಿರಬೇಕು. ನಿಜವಾದ ಮಾಲತೇಶ ಜ್ವರದಿಂದೆದ್ದು ಅದನ್ನು ಮತ್ತೆ ಎದೆಗೆ ಅಂಟಿಸಿಕೊಂಡಾಗ, ತನ್ನದೇ ಬಿಲ್ಲೆಗೆ ಅವನು ಅಪರಿಚಿತನಾಗಿದ್ದ. ಅವನ ದುರ್ಬಲವಾದ ಬಡಿತವನ್ನು ಅದು ದೂಳೆಂದು ಬಿಟ್ಟು, ಆ ಗಟ್ಟಿ ಹೃದಯಗಳಿಗೆ ತಕ್ಕ ಬಿರುಸಿನ ಮೆಟ್ಟಿಲುಗಳನ್ನೇ ಹೇಳಿತು. ವಾರ ತುಂಬಿದ್ದರೆ ನಂಬುತ್ತಿತ್ತು. ಅವನು ನಾಲ್ಕೇ ದಿನ ಬದುಕಿದ್ದ.

ನೀಲವ್ವ ಬಾಗಿಲಲ್ಲಿ ನಿಂತು ಉತ್ತರಕ್ಕಾಗಿ ಕಾಯುತ್ತಿದ್ದಳು. ಅವಳ ಗಂಡ ಸುಳ್ಳು ಹೇಳಿರಲಿಲ್ಲ ಎಂದು ಹೇಳಬೇಕಾದರೆ, ಈ ಮೂವರು ಏನು ಮಾಡಿದ್ದಾರೆಂದು ಇವರ ಎದುರಿಗೇ ಹೇಳಬೇಕಿತ್ತು. ಬಿಲ್ಲೆ ದೂಳಿನಿಂದ ಕೆಟ್ಟಿತ್ತು ಎಂದುಬಿಟ್ಟರೆ ಎಲ್ಲರೂ ಉಳಿಯುತ್ತಿದ್ದರು. ಆ ಮಾತು ಅನ್ವಿತಾಳ ನಾಲಿಗೆಯ ತುದಿಯವರೆಗೆ ಬಂದಿತ್ತು. ಆದರೆ ಹಮಾಲರ ತಂಡಗಳು ಬೇರೆ ಪೇಟೆಗಳಲ್ಲೂ ಇದ್ದವು. ಜ್ವರ ಈ ಊರಿಗೆ ಮಾತ್ರ ಬಂದಿರಲಿಲ್ಲ.

ಅವಳು ಹೇಳಿದಳು. ಮೊದಲು ತಾನು ಕೊಟ್ಟ ಸಡಿಲಿಕೆಯನ್ನು ಹೇಳಿದಳು. ಅದಿರದಿದ್ದರೆ ಬೇರೆ ಎದೆಯ ಮೇಲೆ ಬಿಲ್ಲೆ ಕ್ಷಣವೂ ಹಸಿರಾಗುತ್ತಿರಲಿಲ್ಲ ಎಂದಳು. ಮಾರುಕಟ್ಟೆಯ ನಿಯಮವನ್ನು ತಾನು ಆಗಲೇ ವಿರೋಧಿಸಬೇಕಿತ್ತು ಎಂದಳು. ಆಮೇಲೆ ಉಳಿದದ್ದನ್ನು ಹೇಳಿದಳು. ಆದಷ್ಟು ಸಣ್ಣ ಮಾತುಗಳಲ್ಲಿ ಹೇಳಿದಳು.

ಹನುಮಂತ ಮತ್ತು ಬಸಲಿಂಗ ಅರ್ಥವಾಗದವರಂತೆ ದಾವಲಸಾಬನ ಕಡೆ ನೋಡಿದರು. ಅವನ ಕೈ ತಾನಾಗಿಯೇ ಅಂಗಿಯ ಬಲಗಡೆಗೆ ಹೋಯಿತು.

"ಅಂದ್ರ ಅಕ್ಕಾರ, ಅದು ನನ್ನ ಎದಿ ನೋಡಿ, ಅವಗ ಮೆಟ್ಟಲಾ ಹತ್ತು ಅಂತು?"

ಅನ್ವಿತಾ ಹೌದೆಂದಳು. ಅದಕ್ಕಿಂತ ಮೆತ್ತಗಿನ ಶಬ್ದ ಅವಳಿಗೆ ಸಿಗಲಿಲ್ಲ.

ಆಗ ನೀಲವ್ವ ಬಾಗಿಲಿನಿಂದಲೇ, ಯಾರನ್ನೂ ನೋಡದೆ ಅಂದಳು: "ಹಂಗಾರ ಅವಗ ಖರೇನ ಆಗತಿರಲಿಲ್ಲ."

ಅವಳು ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ನಾಲ್ಕು ತಾಟು ತಂದು ಮೂವರ ಮುಂದೂ ಅನ್ವಿತಾಳ ಮುಂದೂ ಇಟ್ಟು, ಬುತ್ತಿ ಬಿಚ್ಚಿ ರೊಟ್ಟಿ ಹಾಕಿದಳು. ಬಂದವರು ಉಣ್ಣದೆ ಹೋಗಬಾರದು ಎಂದಳು. ದಾವಲಣ್ಣಾ ಉಣ್ಣು, ಎಂದು ಹೆಸರು ಹಿಡಿದೂ ಹೇಳಿದಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟು ಇದ್ದಿದ್ದರೆ ಅವನು ಕುಳಿತಿರುತ್ತಿದ್ದನೇನೋ. ರೊಟ್ಟಿ ಮುರಿದವನು ಅದನ್ನು ತಾಟಿನಲ್ಲಿಯೇ ಬಿಟ್ಟು ಎದ್ದ. ಅವನ ಹಿಂದೆ ಇನ್ನಿಬ್ಬರೂ ಎದ್ದರು. ಹೊರಗೆ ಬಸಲಿಂಗನ ಅಳು ಕೇಳಿಸಿತು, ಹನುಮಂತ ಅವನನ್ನು ಗದರಿಸಿದ್ದೂ ಕೇಳಿಸಿತು.

ನೀಲವ್ವ ತಾಟುಗಳ ಮುಂದೆ ಕುಳಿತಳು. ಅನ್ವಿತಾ ಏನಾದರೂ ಹೇಳಲು ಬಾಯಿ ತೆರೆದಾಗ ಅವಳು ಕೈಯೆತ್ತಿ ತಡೆದಳು.

"ನೀವ ಹೇಳಿದ್ದ ಛಲೋ ಆತ್ರಿ. ಆದ್ರ ಅವರಿಗೆ ಯಾಕ ಕೇಳಿಸಿದ್ರಿ? ನನ್ನ ಒಬ್ಬಾಕಿನ್ನ ಒಳಗ ಕರದ ಹೇಳಬಾರದಿತ್ತೇನ್ರಿ? ನಾ ಹೆಂಗರ ತಡಕೋತಿದ್ನಿ."

ಅನ್ವಿತಾಳ ಬಳಿ ಇದಕ್ಕೆ ಒಂದು ಉತ್ತರವಿತ್ತು, ಬೇರೆ ಪೇಟೆಗಳದ್ದು: ಇದು ಹಮಾಲರ ಕಿವಿಗೆ ಬೀಳದೆ ಅಲ್ಲಿ ಬಿಲ್ಲೆಗಳ ಓಡಾಟ ನಿಲ್ಲುತ್ತಿರಲಿಲ್ಲ. ಆ ಉತ್ತರ ಸರಿಯಾಗಿಯೂ ಇತ್ತು. ಅದನ್ನು ಹೇಳುವ ಬದಲು ಅವಳು ರೊಟ್ಟಿ ಮುರಿದಳು.

ತನಿಖೆ ನಡೆಯಿತು. ಮೆಣಸಿನಕಾಯಿಯ ಬೇರೆ ಪೇಟೆಗಳಲ್ಲೂ ಬಿಲ್ಲೆಗಳು ಎದೆಯಿಂದೆದೆಗೆ ಓಡಾಡುತ್ತಿದ್ದದ್ದು ಗೊತ್ತಾಯಿತು. ಜ್ವರದಿಂದ ಎದ್ದು ಕೆಲಸಕ್ಕೆ ಹಿಂದಿರುಗಿದ್ದ ಹನ್ನೊಂದು ಜನರನ್ನು ಹುಡುಕಿ ತಡೆಯಲಾಯಿತು. ಪರೀಕ್ಷೆಯಲ್ಲಿ ಇಬ್ಬರಿಗೆ ಹೃದಯದ ಉರಿಯೂತ ಇತ್ತು. ಅವರು ಬದುಕಿದರು. ಸಡಿಲಿಕೆಯನ್ನು ರದ್ದು ಮಾಡಿ, ಒಡೆಯನ ಚರ್ಮದ ಮೇಲೆ ಬಿಟ್ಟು ಬೇರೆಲ್ಲೂ ಕೆಲಸ ಮಾಡದಂಥ ಬಿಲ್ಲೆಯನ್ನು ಆ ಬೇಸಿಗೆಯೊಳಗೆ ಹಂಚಲಾಯಿತು.

ಅನ್ವಿತಾ ಇನ್ನೊಂದು ಸಲಹೆಯನ್ನೂ ಕೊಟ್ಟಿದ್ದಳು. ಪ್ರತಿ ಬೆಳಿಗ್ಗೆ ವ್ಯಾಯಾಮ ಹೇಳುವ ಮೊದಲು ಬಿಲ್ಲೆ, ಇವತ್ತು ಹೇಗಿದ್ದೀರಿ ಎಂದು ಕೇಳಬೇಕು. ಆಗುವುದಿಲ್ಲ ಎಂದು ಮನುಷ್ಯ ಹೇಳಿದರೆ, ತನ್ನ ಅಳತೆ ಏನೇ ಹೇಳಲಿ, ಅವನ ಮಾತನ್ನೇ ನಂಬಬೇಕು. ತಜ್ಞರ ಸಮಿತಿ ಇದನ್ನು ಗಂಭೀರವಾಗಿಯೇ ಚರ್ಚಿಸಿತು. ಸೋಮಾರಿತನವನ್ನೂ ನಿಶ್ಶಕ್ತಿಯನ್ನೂ ಮಾತಿನಿಂದ ಬೇರ್ಪಡಿಸುವುದು ಹೇಗೆ ಎಂದು ಒಬ್ಬರು ಕೇಳಿದರು. ಆಗುವುದಿಲ್ಲ ಎಂದವರನ್ನೆಲ್ಲ ನಂಬುತ್ತ ಹೋದರೆ ಹೃದಯಾಘಾತಗಳು ಮತ್ತೆ ಏರುತ್ತವೆ ಎಂದು ಇನ್ನೊಬ್ಬರು ಅಂಕಿಗಳೊಡನೆ ತೋರಿಸಿದರು. ಅಂಕಿಗಳು ತಪ್ಪಿರಲಿಲ್ಲ. ಸಲಹೆಯನ್ನು ಕೈಬಿಡಲಾಯಿತು.

ಸಭೆ ಮುಗಿಸಿ ಧಾರವಾಡಕ್ಕೆ ಹಿಂದಿರುಗುವಾಗ ಅವಳಿಗೆ ತಾಯಿಯ ನೆನಪಾಯಿತು. ೨೦೨೫ರ ಸುಮಾರು, ಅನ್ವಿತಾ ಆಗ ಪ್ರಾಥಮಿಕ ಶಾಲೆಯಲ್ಲಿದ್ದಳು. ಬಡಿತ, ಹೆಜ್ಜೆ, ನಿದ್ದೆಗಳನ್ನು ಎಣಿಸುವ ಕೈಗಡಿಯಾರಗಳು ಆಗ ಮನೆಮನೆಗೂ ಬರುತ್ತಿದ್ದವು. ರಾತ್ರಿ ನಿದ್ದೆ ಬಂತೇನಮ್ಮಾ ಎಂದು ಬೆಳಿಗ್ಗೆ ಕೇಳಿದರೆ ತಾಯಿ ಮೊದಲು ಮಣಿಕಟ್ಟನ್ನು ನೋಡಿಕೊಂಡು, ಆಮೇಲೆ ಹೌದು ಅಥವಾ ಇಲ್ಲ ಎನ್ನುತ್ತಿದ್ದರು. ಮನೆಯವರೆಲ್ಲ ನಗುತ್ತಿದ್ದರು, ತಾಯಿಯೂ ನಗುತ್ತಿದ್ದರು. ಬರುವ ಕಾಲದ ಆರಂಭ ಅಲ್ಲೇ ಇತ್ತೆಂದು ಯಾರಿಗೂ ಅನಿಸಿರಲಿಲ್ಲ.

ಮುಂದಿನ ಹಂಗಾಮಿಗೆ ಆ ತಂಡ ಇರಲಿಲ್ಲ. ದಾವಲಸಾಬ ಶೀತಲಗೃಹವೊಂದರಲ್ಲಿ ಕಾವಲಿಗೆ ಸೇರಿದ. ಹನುಮಂತನೂ ಬಸಲಿಂಗನೂ ಬೇರೆ ಬೇರೆ ದಲಾಲಿ ಅಂಗಡಿಗಳಲ್ಲಿ, ಹೆಗಲುಪಾಳಿಯಿಲ್ಲದೆ, ಒಬ್ಬೊಬ್ಬರಾಗಿ ಚೀಲ ಹೊತ್ತರು.